ಜೋಳಿಗೆಯ ಮುದ್ರೆ

ಇಂಡಿ ಪಟ್ಟಣದ ಬಸ್ ನಿಲ್ದಾಣದಿಂದ ಪೇಟೆಯ ಕಡೆ ನಡೆದರೆ ಬೀಜ ಗೊಬ್ಬರದ ಒಂದು ಅಂಗಡಿ, ಅದರ ಮಾಳಿಗೆಯ ಮೇಲೆ ವಿಜಯಶ್ರೀಯ ಟೈಪಿಂಗ್ ಇನ್‌ಸ್ಟಿಟ್ಯೂಟ್. ಕೆಳಗಿನಿಂದ ಎಣ್ಣೆ ಔಷಧದ ವಾಸನೆ, ಮೇಲಿನಿಂದ ಟಕಟಕ ಸದ್ದು. ಎರಡನ್ನೂ ತಡೆದುಕೊಂಡವರು ಮಾತ್ರ ಅಲ್ಲಿ ಸೀನಿಯರ್ ಪರೀಕ್ಷೆಯವರೆಗೆ ಬಾಳುತ್ತಿದ್ದರು. ವಿಜಯಶ್ರೀಗೆ ಮೂವತ್ತು ದಾಟಿತ್ತು, ಮದುವೆಯಾಗಿರಲಿಲ್ಲ. ಯಾಕೆಂದು ಯಾರಾದರೂ ಕೇಳಿದರೆ, "ಖರ್ಚು ನೀವು ಹಾಕ್ತೀರೇನ್ರಿ?" ಎಂದು ಅಲ್ಲಿಗೇ ಬಾಯಿ ಮುಚ್ಚಿಸುತ್ತಿದ್ದಳು. ಅವಳ ಅವ್ವ ಗುಂಡವ್ವ, "ಈಕಿ ಬಾಯಿಗೆ ಹೆದರಿ ಕಾಗಿನೂ ನಮ್ಮ ಮಾಳಗಿ ಮ್ಯಾಲೆ ಕೂಡೂದಿಲ್ಲ" ಎನ್ನುತ್ತಿದ್ದಳು. ಇಂಥ ಬಾಯಿಯವಳು ಎರಡು ವರ್ಷ ಒಂದೇ ಒಂದು ಮಾತು ಕೇಳದೆ ತುಟಿ ಹೊಲಿದುಕೊಂಡು ಕೂತಳು ಎಂದರೆ ಯಾರೂ ನಂಬಲಿಕ್ಕಿಲ್ಲ. ಆದರೆ ಕೂತಳು. ಅದಕ್ಕೆ ತೆತ್ತ ಬೆಲೆಯೂ ಸಣ್ಣದಲ್ಲ.

ಇದು ಶುರುವಾದದ್ದು 2001ರಲ್ಲಿ, ಸಿಂದಗಿಯಲ್ಲಿ. ಅಲ್ಲಿನ ಒಂದು ಕಾಲೇಜಿನಲ್ಲಿ ಸಂಜೀವಕುಮಾರ ಎಂಬಾತ ಭೌತಶಾಸ್ತ್ರ ಕಲಿಸುತ್ತಿದ್ದ. ಹತ್ತಿರದ ಕನ್ನೊಳ್ಳಿಯ ಹೊಲಮನೆ ಇದ್ದವರ ಮಗ, ಮಾತುಗಾರ, ನಕ್ಕರೆ ಎದುರಿಗಿದ್ದವನಿಗೂ ನಗು ಬರುವಂಥ ಮನುಷ್ಯ. ಲಿನಕ್ಸ್ ಎಂಬುದೊಂದು ಇದೆ, ಕಂಪ್ಯೂಟರು ನಡೆಸುವ ತಂತ್ರಾಂಶ, ಜಗತ್ತಿನ ಎಷ್ಟೋ ಜನ ಕೂಡಿ ಮಾಡಿ ಪುಕ್ಕಟೆ ಬಿಟ್ಟಿದ್ದಾರೆ, ಯಾರು ಬೇಕಾದರೂ ಅದನ್ನು ತಮ್ಮ ಮನೆಗೆ ತಕ್ಕಂತೆ ಕಟ್ಟಿಕೊಳ್ಳಬಹುದು ಎಂದು ಅವನಿಗೆ ತಿಳಿಯಿತು. ಹಾಗಾದರೆ ನಮ್ಮ ಹಳ್ಳಿಯ ಶಾಲೆಗಳಿಗೆ ಕನ್ನಡದಲ್ಲೇ ಮಾತಾಡುವ ತಂತ್ರಾಂಶದ ಒಂದು ಗಂಟು ನಾವೇ ಯಾಕೆ ಕಟ್ಟಬಾರದು ಎಂದು ಹೊರಟ. ಜಂಗಮನ ಜೋಳಿಗೆಗೆ ಒಬ್ಬರು ಜೋಳ, ಒಬ್ಬರು ಬೇಳೆ ಹಾಕುವ ಹಾಗೆ ಎಲ್ಲರೂ ಒಂದೊಂದು ಹಿಡಿ ಹಾಕಲಿ ಎಂದು ಅದಕ್ಕೆ 'ಜೋಳಿಗೆ' ಎಂದೇ ಹೆಸರಿಟ್ಟ.

ಹಿಡಿ ಹಾಕಿದವರು ಮೂವರು. ಇಂಡಿಯ ವಿಜಯಶ್ರೀ ಅಕ್ಷರಗಳನ್ನೂ ಕೀಲಿಮಣೆಯನ್ನೂ ಮಾಡಿದಳು. ಮುದ್ದೇಬಿಹಾಳದ ಗಣಿತದ ಮಾಸ್ತರ ಪರಮಾನಂದ ಪಾಠಗಳನ್ನು ಮಾಡಿದ. ಬಸವನ ಬಾಗೇವಾಡಿಯಲ್ಲಿ ಕಂಪ್ಯೂಟರು ರಿಪೇರಿ ಅಂಗಡಿ ಇಟ್ಟಿದ್ದ ಗೈಬುಸಾಬ ಎಲ್ಲೆಲ್ಲಿಂದಲೋ ತಂದ ಮುದಿ ಯಂತ್ರಗಳ ಮೇಲೆ ಅದನ್ನು ಓಡಿಸಿ ನೋಡುತ್ತಿದ್ದ. ಆಗಿನ ಟೆಲಿಫೋನ್ ತಂತಿಯ ಇಂಟರ್ನೆಟ್ಟಿನಲ್ಲಿ ಇಷ್ಟು ದೊಡ್ಡ ಗಂಟು ಕಳಿಸುವುದೆಂದರೆ ಹುಡುಗಿ ನೋಡಲು ಹೋದವನು ಮೊಮ್ಮಗನನ್ನು ಎತ್ತಿಕೊಂಡು ಬಂದಷ್ಟು ಹೊತ್ತು ಹಿಡಿಯುತ್ತಿತ್ತು. ಅದಕ್ಕೆ ಗುಂಡವ್ವ ಕಾವಿ ಬಟ್ಟೆಯಲ್ಲಿ ಒಂದು ಚೀಲ ಹೊಲಿದುಕೊಟ್ಟಳು. ಹಾರ್ಡ್ ಡಿಸ್ಕನ್ನು ಟವೆಲ್ಲಿನಲ್ಲಿ ಸುತ್ತಿ ಅದರೊಳಗಿಟ್ಟು ಬಸ್ಸಿನ ಕಂಡಕ್ಟರನ ಕೈಗೆ ಕೊಟ್ಟರೆ ಆಯಿತು. ಇಂಡಿಯಿಂದ ಸಿಂದಗಿ, ಅಲ್ಲಿಂದ ಬಾಗೇವಾಡಿ, ಅಲ್ಲಿಂದ ಮುದ್ದೇಬಿಹಾಳ. ಪ್ರತಿ ಊರಲ್ಲೂ ಒಬ್ಬೊಬ್ಬರು ತಮ್ಮ ಕೆಲಸ ಅದಕ್ಕೆ ಸೇರಿಸಿ ಮುಂದೆ ಸಾಗಿಸುತ್ತಿದ್ದರು. "ಜೋಳಿಗಿ ಬಂತ್ರೀ" ಎಂದು ಕಂಡಕ್ಟರುಗಳೇ ಕೂಗುತ್ತಿದ್ದರು.

ನಾಲ್ಕೇ ವರ್ಷದಲ್ಲಿ ನಾಲ್ಕೂ ತಾಲ್ಲೂಕಿನ ಐವತ್ತಕ್ಕೂ ಹೆಚ್ಚು ಶಾಲೆಗಳಲ್ಲಿ ಜೋಳಿಗೆ ನಡೆಯುತ್ತಿತ್ತು. ಇಂಡಿ ಹತ್ತಿರದ ಲಚ್ಯಾಣದ ಮಕ್ಕಳು ಕನ್ನಡದಲ್ಲಿ ತಮ್ಮ ಹೆಸರು ಟೈಪು ಮಾಡಿ ತೆಗೆದ ಹಾಳೆಗಳು ಎಷ್ಟೋ ಮನೆಗಳಲ್ಲಿ ದೇವರ ಜಗುಲಿಯ ಪಕ್ಕಕ್ಕೆ ಅಂಟಿಕೊಂಡಿದ್ದವು. ಅದನ್ನು ನೋಡಿದ ದಿನ ವಿಜಯಶ್ರೀ ಊಟ ಮಾಡದೆ ಮಲಗಿದಳಂತೆ. ಹೊಟ್ಟೆ ತುಂಬಿತ್ತು ಎಂದು ಅವ್ವನಿಗೆ ಹೇಳಿದಳು.

ಒಂದು ಮಾತು ಇಲ್ಲೇ ಹೇಳಬೇಕು. ಯಾವನೋ ದಾರಿಹೋಕ ಕೆಟ್ಟ ಸೀಡಿ ತಂದು ಶಾಲೆಯ ಕಂಪ್ಯೂಟರು ಹಾಳು ಮಾಡಬಾರದೆಂದು ಸಂಜೀವಕುಮಾರ ಒಂದು ಬಂದೋಬಸ್ತು ಮಾಡಿದ್ದ. ಜೋಳಿಗೆಯ ಪ್ರತಿ ಹೊಸ ಸೀಡಿಗೂ ಒಂದು ಮುದ್ರೆ. ಮನುಷ್ಯರ ಕಣ್ಣಿಗೆ ಕಾಣದ್ದು, ಕಂಪ್ಯೂಟರಿಗೆ ಮಾತ್ರ ತಿಳಿಯುವಂಥದು. ಮುದ್ರೆ ಇದ್ದರೆ ಶಾಲೆಯ ಯಂತ್ರ ಸೀಡಿಯನ್ನು ಒಪ್ಪುತ್ತದೆ, ಇಲ್ಲದಿದ್ದರೆ ಹೊರಗೆ ನೂಕುತ್ತದೆ. ಆ ಮುದ್ರೆ ಒತ್ತಲು ಒಂದು ಪಾಸ್‌ವರ್ಡ್ ಬೇಕು. ಅದು ಸಂಜೀವಕುಮಾರನ ತಲೆಯಲ್ಲಿತ್ತು, ಬೇರೆಲ್ಲೂ ಇರಲಿಲ್ಲ.

2005ರ ಬೇಸಿಗೆಯಲ್ಲಿ ಸಂಜೀವಕುಮಾರ ಹಿಂದೆ ಸರಿದ. ಜಗಳವಿಲ್ಲ, ಮುನಿಸಿಲ್ಲ. ಕನ್ನೊಳ್ಳಿಯ ಹೊಲದಲ್ಲಿ ಲಿಂಬೆ ಹಚ್ಚಿದ್ದ, ಹನಿ ನೀರಾವರಿ ಮಾಡಿಸಿದ್ದ, ಮನಸ್ಸು ಅತ್ತ ಹೊರಳಿತ್ತು. ಮನುಷ್ಯನಿಗೆ ಬೇಸರವೂ ಆಗುತ್ತದೆ, ಅದೇನು ಅಪರಾಧವಲ್ಲ. ಸಿಂದಗಿಯಲ್ಲಿ ಮೂವರೂ ಕೂಡಿ ಅವನಿಗೆ ಶಾಲು ಹೊದಿಸಿದರು. "ನಾ ಹಿಂದ ಸರಿತೇನಿ, ನೀವು ಮುಂದ ನಡೀರಿ. ಜೋಳಿಗಿ ಯಾರೊಬ್ಬರದೂ ಅಲ್ಲ" ಎಂದು ಅವನು ಚೆಂದವಾಗಿ ಮಾತಾಡಿದ. ಎಲ್ಲರ ಕಣ್ಣೂ ಒದ್ದೆಯಾದವು. ಮುದ್ರೆಯ ಮಾತು ಅವನು ಎತ್ತಲಿಲ್ಲ.

ಹೊರಗೆ ಬಂದ ಮೇಲೆ ವಿಜಯಶ್ರೀಯೇ ಎತ್ತಿದಳು. "ಪಾಸ್‌ವರ್ಡ್ ಇಸ್ಕೊಳ್ಳೂದು ಮರತೇವಲ್ಲ. ತಡೀರಿ, ಕೇಳಿ ಬರ್ತೇನಿ."

ಪರಮಾನಂದ ಅವಳ ಚೀಲ ಹಿಡಿದು ನಿಲ್ಲಿಸಿದ. "ಹೆಂಗ ಕೇಳ್ತೀರಿ ಅಕ್ಕಾರ? ಮಠದಾಗ ಸ್ವಾಮಿಗಳು ಇನ್ನ ಕುಂತಾಗನ ನಿಮ್ಮ ಗದ್ದಿಗಿ ನಮಗ ಕೊಡ್ರಿ ಅಂತಾರೇನು? ಅದು ಅವರ ಬಾಯಿಂದನ ಬರಬೇಕು. ನಾವು ಕೇಳಿದ್ರ, ನೀ ಮುಗದಿ ಹೋಗಪಾ ಅಂದಂಗ ಆಕ್ಕೈತಿ."

"ಹೌದ್ರಿ. ಕೆಲಸ ಕಲಿಸಿದ ಉಸ್ತಾದ್ ಕೈಯಾಗಿನ ನಟ್ಟು ಬಿಚ್ಚೂ ಪಾನಾ ನಾವಾಗೇ ಕಸಗೊಳ್ಳೂದು ಚಲೋ ಅಲ್ಲ" ಎಂದು ಗೈಬುಸಾಬನೂ ತಲೆಯಾಡಿಸಿದ.

ವಿಜಯಶ್ರೀಯ ಮನೆಯವರು ಬೌದ್ಧರು. ಗದ್ದಿಗೆ, ಪಾದುಕೆಗಳ ಹಂಗು ಅವರ ಮನೆಯಲ್ಲಿ ಯಾವತ್ತೂ ಇರಲಿಲ್ಲ. ಅವಳು ಆ ಹೊತ್ತು ಚೀಲ ಬಿಡಿಸಿಕೊಂಡು ಒಳಗೆ ಹೋಗಬಹುದಿತ್ತು. ಹೋಗಲಿಲ್ಲ. ಯಾಕೆಂದರೆ ಇವಳ ಟೈಪಿಂಗ್ ಇನ್‌ಸ್ಟಿಟ್ಯೂಟಿನ ಮೆಟ್ಟಿಲು ತಾನಾಗಿ ಹತ್ತಿ ಬಂದು, "ಅಕ್ಕಾರ, ಈ ಅಕ್ಷರದ ಕೆಲಸ ನಿಮ್ಮಿಂದ ಮಾತ್ರ ಆಗೂದು" ಎಂದು ಹೇಳಿ, ಗುಂಡವ್ವ ಕೊಟ್ಟ ಚಹಾ ಕುಡಿದು, ಇನ್ನೊಂದು ಕಪ್ಪು ಕೇಳಿ ಕುಡಿದು ಹೋದ ಮೊದಲ ಮೇಲ್ಜಾತಿಯ ದೊಡ್ಡ ಮನೆಯವನು ಸಂಜೀವಕುಮಾರ. ಆ ಎರಡನೇ ಕಪ್ಪು ಅವಳ ನಾಲಿಗೆ ಕಟ್ಟಿತು. ಇದ್ದರೆ ಇರಲಿ, ತಾನಾಗೇ ಕೊಡುತ್ತಾನೆ ಎಂದುಕೊಂಡಳು.

ಅಂದಿನಿಂದ ಸಿಂದಗಿಯ ಕೆಲಸವೂ ಅವಳ ತಲೆಗೇ ಬಂತು. ಗಂಟು ಕಟ್ಟುವುದು, ಬಿಚ್ಚುವುದು, ಶಾಲೆಗಳ ಫೋನಿಗೆ ಉತ್ತರ ಹೇಳುವುದು, ಎಲ್ಲ. ಆ ವರ್ಷ ಶಾಲೆಗಳಿಗೆ ಹೊಸ ಪ್ರಿಂಟರುಗಳು ಬಂದವು, ಅವುಗಳ ಜೊತೆ ಒಂದು ಪೀಡೆಯೂ ಬಂತು. ಕನ್ನಡದಲ್ಲಿ ಅಂಕಪಟ್ಟಿ ತೆಗೆದರೆ ಒತ್ತಕ್ಷರಗಳು ಕಳಚಿ ಕೆಳಗಿನ ಸಾಲಿಗೆ ಬೀಳುತ್ತಿದ್ದವು. ಮಕ್ಕಳ ಹೆಸರುಗಳು ಕೈಕಾಲು ಮುರಿದುಕೊಂಡು ಬಿದ್ದ ಹಾಗೆ ಕಾಣುತ್ತಿದ್ದವು. ಮುಖ್ಯಗುರುಗಳು ಸಿಟ್ಟಾದರು. ವಿಜಯಶ್ರೀ ಎರಡು ತಿಂಗಳು ಕೂತು ಅದಕ್ಕೆ ಮದ್ದು ಕಂಡುಹಿಡಿದಳು. ಗೈಬುಸಾಬ ತನ್ನ ಮುದಿ ಯಂತ್ರಗಳ ಮೇಲೆ ಓಡಿಸಿ, "ಒಂದಕ್ಷರ ಬೀಳಲಿಲ್ಲ ನೋಡ್ರಿ" ಎಂದ. ಇನ್ನು ಬೇಕಾದದ್ದು ಮುದ್ರೆ ಒಂದೇ.

ಕಾವಿ ಚೀಲ ಸಿಂದಗಿಯಲ್ಲಿ ಬಸ್ಸು ಬದಲಿಸಿ ಕನ್ನೊಳ್ಳಿಗೆ ಹೋಯಿತು. ಜೊತೆಗೊಂದು ವಿನಯದ ಚೀಟಿ: ದಯಮಾಡಿ ಕಣ್ಣಾಡಿಸಿ ಮುದ್ರೆ ಹಾಕಬೇಕು. ಎಂಟು ಹತ್ತು ದಿನಕ್ಕೆ ಚೀಲ ತಿರುಗಿ ಬಂತು. ಒಳಗೆ ಅದೇ ಡಿಸ್ಕು, ಮುದ್ರೆಯಿಲ್ಲ. ಮೇಲೊಂದಿಷ್ಟು ಲಿಂಬೆಹಣ್ಣು. ಸುತ್ತೆಲ್ಲ ಲಿಂಬೆಯನ್ನೇ ಬೆಳೆಯುವ ಇಂಡಿಗೆ ಲಿಂಬೆಹಣ್ಣು ಕಳಿಸುವವನಿಗೆ ಏನೆನ್ನಬೇಕೋ ಆ ಬಸವಣ್ಣನೇ ಬಲ್ಲ. ಗುಂಡವ್ವ ಮಾತ್ರ ಮಾತಾಡದೆ ಅವನ್ನು ಉಪ್ಪಿನಕಾಯಿಗೆ ಹಾಕಿದಳು.

ಫೋನು ಮಾಡಿ ಕೇಳಿದರೆ, "ನೋಡೂಣಂತ ಅಕ್ಕಾರ. ಇನ್ನೊಂದೀಟು ನೋಡ್ರಿ ನೀವೂ" ಎಂದ ಸಂಜೀವಕುಮಾರ.

ಈ ಮಾತನ್ನು ಮೂವರೂ ಬಿಡಿಸಿ ಬಿಡಿಸಿ ನೋಡಿದರು. ಪರಮಾನಂದ ಅರ್ಥ ಹೇಳಿದ: "ಸರ್‌ಗೆ ಮನಸ್ಸಿಗೆ ಬಂದಿಲ್ಲ. ಬಾಯಿ ಬಿಟ್ಟು ಅಂದ್ರ ನಿಮಗ ಬ್ಯಾಸರ ಆದೀತು ಅಂತ ಸುಮ್ಮ ಕಳಿಸ್ಯಾರ. ಏನೋ ಕೊರತಿ ಐತಿ, ನಾವ ಹುಡುಕಬೇಕು." ವಿಜಯಶ್ರೀಗೆ ಮುಖಕ್ಕೆ ಹೊಡೆದ ಹಾಗಾಯಿತು. ತನ್ನ ಅಕ್ಷರಗಳೇ ಅವನಿಗೆ ಹಿಡಿಸಲಿಲ್ಲ ಎಂದು ಅವಳು ನಂಬಿದಳು. ಒಂದೊಂದೇ ಅಕ್ಷರ ತೆಗೆದು ಅದರ ಹೊಟ್ಟೆ, ಬಾಲ, ತಲೆಕಟ್ಟು ತಿದ್ದಿದಳು. ಚೆನ್ನಾಗಿದ್ದದ್ದನ್ನು ಕೆಡಿಸಿ ಮತ್ತೆ ಚೆನ್ನಾಗಿ ಮಾಡಿದಳು. ಪರಮಾನಂದನೂ ತನ್ನ ಪಾಠಗಳನ್ನೆಲ್ಲ ಕಿತ್ತು ಮತ್ತೆ ಬರೆದ. ಇಡೀ ವರ್ಷ ಹೀಗೇ ಕಳೆಯಿತು. ಮರುವರ್ಷ ಚೀಲ ಮತ್ತೆ ಕನ್ನೊಳ್ಳಿಗೆ ಹೋಯಿತು. ಮತ್ತೆ ಮುದ್ರೆಯಿಲ್ಲದೆ ಬಂತು. ಮತ್ತೆ ಲಿಂಬೆಹಣ್ಣು.

ಅತ್ತ ಶಾಲೆಗಳು ಕಾಯಲಿಲ್ಲ, ಯಾಕೆ ಕಾಯಬೇಕು? ಮಾರ್ಚ್ ಬಂದರೆ ಅಂಕಪಟ್ಟಿ ಬೇಕು. ಊರೂರು ತಿರುಗುವ ಒಬ್ಬ ಏಜೆಂಟ ಕದ್ದ ಸೀಡಿ ತಂದು ಬೇರೆ ತಂತ್ರಾಂಶ ಹಾಕಿಕೊಡುತ್ತಿದ್ದ. ಅಗರಖೇಡದ ಶಾಲೆಯವರು ಮೊದಲು ಬಿಟ್ಟರು, ಅವರ ಹಿಂದೆ ಉಳಿದವರೂ ಸಾಲು ಹಚ್ಚಿ ಬಿಟ್ಟರು. ಪ್ರತಿ ಸಲ ಒಂದು ಶಾಲೆ ಬಿಟ್ಟ ಸುದ್ದಿ ಬಂದಾಗ ವಿಜಯಶ್ರೀಗೆ ಸಾವಿನ ಸುದ್ದಿ ಕೇಳಿದಷ್ಟೇ ಸಂಕಟವಾಗುತ್ತಿತ್ತು. ಮದ್ದು ಕೈಯಲ್ಲೇ ಇದೆ, ಕೊಡಲಾಗುತ್ತಿಲ್ಲ.

ಕೊನೆಗೆ ಲಚ್ಯಾಣದ ಶಾಲೆಯ ಭಾಗ್ಯಜ್ಯೋತಿ ಟೀಚರು ಫೋನು ಮಾಡಿದಳು. "ಅಕ್ಕಾರ, ಈ ಪರೀಕ್ಷಾತನಕ ತಡೀತೇವ್ರಿ. ಆಮ್ಯಾಲೆ ನಾವೂ ತಗದು ಹಾಕೂದ. ಬ್ಯಾಸರ ಮಾಡಕೋಬ್ಯಾಡ್ರಿ" ಎಂದಳು. ಗುಂಡವ್ವ ಒಲೆಯ ಮುಂದೆ ಕೂತು ಎಲ್ಲ ಕೇಳಿಸಿಕೊಂಡಿದ್ದಳು.

"ಎರಡು ವರ್ಷದಾಗ ಆ ಮನಶ್ಯಾನಿಂದ ಈ ಮನಿಗೆ ಬಂದದ್ದು ಉಪ್ಪಿನಕಾಯಿ ಒಂದ" ಎಂದಳು. "ಅಳೂತನಕ ಹಡದವ್ವನೂ ಮೊಲಿ ಕೊಡೂದಿಲ್ಲ. ಹೋಗಿ ಬಾಯಿಬಿಟ್ಟು ಕೇಳು."

ಮರುದಿನವೇ ವಿಜಯಶ್ರೀ ಯಾರಿಗೂ ಹೇಳದೆ ಕನ್ನೊಳ್ಳಿಯ ಬಸ್ಸು ಹತ್ತಿದಳು. 2007ರ ಫೆಬ್ರವರಿ. ದಾರಿಯುದ್ದಕ್ಕೂ ಹೊಲಗಳಲ್ಲಿ ಬಿಳಿಜೋಳದ ತೆನೆ ಬಲಿತಿತ್ತು. ಕೊಡುವುದಿಲ್ಲ ಎಂದರೆ ಏನೇನು ಅನ್ನಬೇಕು ಎಂಬುದನ್ನೆಲ್ಲ ಅವಳು ಮನಸ್ಸಿನಲ್ಲೇ ಜೋಡಿಸಿಕೊಂಡಳು.

ಸಂಜೀವಕುಮಾರ ತೋಟದಲ್ಲಿದ್ದ. ಪೈಪಿನ ಬಾಯಿಗೆ ಸಿಕ್ಕಿದ ಕಸ ತೆಗೆಯುತ್ತಿದ್ದವನು ಇವಳನ್ನು ನೋಡಿ ಅದೇ ಹಳೆಯ ನಗು ನಕ್ಕ. ಗಿಡದ ನೆರಳಿಗೆ ಕುರ್ಚಿ ತರಿಸಿ ಕೂರಿಸಿದ, ಚಹಾಕ್ಕೆ ಹೇಳಿ ಕಳಿಸಿದ. ಅವಳು ಚಹಾ ಬರುವ ತನಕವೂ ತಡೆಯಲಿಲ್ಲ.

"ಸರ್, ನೇರ ಕೇಳ್ತೇನಿ. ಸಿಟ್ಟಾಗಬ್ಯಾಡ್ರಿ. ಮುದ್ರಿ ಪಾಸ್‌ವರ್ಡ್ ನಮಗ ಕೊಟ್ಟಬಿಡ್ರಿ. ನಮ್ಮ ಕೆಲಸ ನಿಮ್ಮ ಮನಸ್ಸಿಗೆ ಬರಲಿಲ್ಲಂದ್ರೂ ಕೊಡ್ರಿ. ಸಾಲಿ ಎಲ್ಲಾ ಕೈ ಬಿಟ್ಟು ಹೊಂಟಾವು."

ಅವನು ಕೈಯಲ್ಲಿದ್ದ ಪೈಪಿನ ತುಂಡನ್ನು ಸುಮ್ಮನೆ ತಿರುಗಿಸುತ್ತಾ ಕೂತ. ಮುಖದ ಮೇಲಿನ ನಗು ಹೋಗಿತ್ತು.

"ಮರತೇನ್ರಿ" ಎಂದ.

"ಏನ ಮರತೀರಿ?"

"ಪಾಸ್‌ವರ್ಡ್. ದೊಡ್ಡದು ಇಟ್ಟಿದ್ದೆ, ಯಾರೂ ಮುರೀಬಾರದಂತ. ಹೊಲದ ಗದ್ದಲದಾಗ ಬಿದ್ದೆ, ಮುಟ್ಟಲಿಲ್ಲ. ನೀವು ಮೊದಲನೇ ಸಲ ಡಿಸ್ಕ್ ಕಳಿಸಿದಾಗ ಹಾಕಾಕ ಹೋದೆ. ಬರಲಿಲ್ಲ. ವಾರ ಪೂರ್ತಿ ಕುಂತು ನೋಡಿದೆ, ನೆನಪಾಗಲಿಲ್ಲ."

"ಅಂದ್ರ ನಮ್ಮ ಕೆಲಸದಾಗ ಕೊರತಿ ಇರಲಿಲ್ಲ?"

"ಕೆಲಸ ನಾ ನೋಡೇ ಇಲ್ರಿ. ಎರಡನೇ ಸಲ ಡಿಸ್ಕ್ ಸುತ್ತಿದ ಟವೆಲ್ ಬಿಚ್ಚಲೂ ಇಲ್ಲ. ಬಿಚ್ಚಾಕ ಅಂಜಿಕಿ ಬಂತು."

"ಒಂದು ಮಾತು ಹೇಳಬೇಕಿಲ್ಲ ಸರ್?"

"ಹೆಂಗ ಹೇಳಲಿ? ನೀವು ನನ್ನ ಫೋಟೋ ಸೀಡಿ ಮ್ಯಾಲೆ ಹಾಕಿದವರು. ಪರಮಾನಂದ ಸಿಕ್ಕಾಗೊಮ್ಮೆ ಕಾಲು ಮುಟ್ಟತಾನ. ಅಂಥವರ ಮುಂದ ಮರತೇನಿ ಅನ್ನಾಕ ಬಾಯಿ ಬರಲಿಲ್ಲ." ಅವನು ತಲೆ ಎತ್ತಿದ. "ಶಾಲು ಹೊಚ್ಚಿದ ದಿನ ನೆನಪಿತ್ತು. ಅವತ್ತು ಕೇಳಿದ್ರ ಅಲ್ಲೇ ಹೇಳ್ತಿದ್ದೆ. ನೀವ್ಯಾಕ ಕೇಳಲಿಲ್ಲ?"

ಬಸ್ಸಿನಲ್ಲಿ ಜೋಡಿಸಿಕೊಂಡು ಬಂದಿದ್ದ ಮಾತುಗಳಲ್ಲಿ ಒಂದೂ ಕೆಲಸಕ್ಕೆ ಬರಲಿಲ್ಲ. ಅವಳು ಚಹಾ ಕುಡಿಯದೆ ಎದ್ದಳು. ಹೊರಟವಳ ಹಿಂದೆ ಅವನು ಲಿಂಬೆಹಣ್ಣಿನ ಒಂದು ಪುಟ್ಟಿ ಹಿಡಿದು ಬಂದ. "ಅದನ್ನ ಒಳಗ ಇಡ್ರಿ" ಎಂದಳು, ಅಷ್ಟೇ.

ಬಸ್ಸಿನಲ್ಲಿ ಕೂತಾಗ ಅವಳಿಗೆ ಅಳು ಬಂತು. ಅವನ ಮೇಲಿನ ಸಿಟ್ಟಿಗಲ್ಲ. ವರ್ಷವಿಡೀ ತಿದ್ದಿದ ಅಕ್ಷರಗಳು ನೆನಪಾದವು. ಇಲ್ಲದ ತಪ್ಪು ಹುಡುಕಿ ಹುಡುಕಿ ಕಣ್ಣಿಗೆ ಕನ್ನಡಕ ಬಂದಿತ್ತು. ಹೊಳೆಯಲ್ಲಿ ಹುಣಸೆಹಣ್ಣು ತೊಳೆದವರಿಗಾದರೂ ಹೊಳೆ ಕಾಣುತ್ತಿರುತ್ತದೆ, ತನಗೆ ಅದೂ ಕಾಣಲಿಲ್ಲ ಎಂದು ತನ್ನನ್ನೇ ಬೈದುಕೊಂಡಳು. ತಪ್ಪು ಅವನೊಬ್ಬನದೇ ಆಗಿದ್ದರೆ ಕ್ಷಮಿಸದೆ ಬಿಟ್ಟುಬಿಡಬಹುದಿತ್ತು. ಆದರೆ ಒಬ್ಬ ಮನುಷ್ಯನನ್ನು ಮರೆಯುವುದಕ್ಕೂ ಹಕ್ಕಿಲ್ಲದಷ್ಟು ಎತ್ತರದಲ್ಲಿ ಕೂರಿಸಿದ್ದು ತಾವೇ.

ವಿಷಯ ತಿಳಿದಾಗ ಗೈಬುಸಾಬ ತಲೆಯ ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡ. ಪರಮಾನಂದ ನಂಬಲೇ ಇಲ್ಲ. "ನಮ್ಮನ್ನ ಪರೀಕ್ಷಾ ಮಾಡಾಕ ಹಂಗಂದಿರಬೇಕ್ರಿ" ಎಂದ. ವಿಜಯಶ್ರೀ ಅವನ ಜೊತೆ ವಾದ ಹೂಡಲಿಲ್ಲ. ಹೊಸ ಮುದ್ರೆ ಮಾಡಿದಳು. ಆದರೆ ಹಳೆಯ ಯಂತ್ರಗಳು ಹೊಸ ಮುದ್ರೆಯನ್ನು ತಾವಾಗಿ ಒಪ್ಪುವುದಿಲ್ಲ. ಒಂದೊಂದು ಶಾಲೆಗೂ ಹೋಗಿ, ಒಂದೊಂದು ಯಂತ್ರವನ್ನೂ ಬಿಚ್ಚಿ, ಕೈಯಾರೆ ಅದನ್ನು ಹಾಕಬೇಕು. ಟೈಪಿಂಗ್ ಕ್ಲಾಸನ್ನು ಬೆಳಗಿನ ಹೊತ್ತಿಗೆ ಮುಗಿಸಿ ಅವಳು ಊರೂರು ತಿರುಗಿದಳು. ಬಾಗೇವಾಡಿ, ಮುದ್ದೇಬಿಹಾಳದ ಕಡೆಯ ಹಳ್ಳಿಗಳಿಗೆ ಗೈಬುಸಾಬ ತನ್ನ ಲೂನಾ ಮೇಲೆ ಹೋದ.

ಎಷ್ಟೋ ಕಡೆ ಹೋದದ್ದು ದಂಡವಾಯಿತು. ಅಗರಖೇಡದಲ್ಲಿ ಗುಮಾಸ್ತ ಬಾಗಿಲಲ್ಲೇ, "ಅದ್ನ ತಗದು ವರ್ಷಾತ್ರಿ" ಎಂದ. ಇನ್ನೊಂದೂರಿನಲ್ಲಿ ಕಂಪ್ಯೂಟರಿನ ಮೇಲೆ ಬಿಸಿಯೂಟದ ತಟ್ಟೆ ಪೇರಿಸಿದ್ದರು. ಅವಳನ್ನು ಒಳಗೆ ಬಿಟ್ಟ ಶಾಲೆಗಳಲ್ಲಿ ಮುಖ್ಯಗುರುಗಳು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: "ಸಂಜೀವಕುಮಾರ ಸರ್ ಕಳಿಸ್ಯಾರೇನ್ರಿ?" ಮೊದಮೊದಲು ಅಲ್ಲ ಎನ್ನುತ್ತಿದ್ದಳು. ಅಲ್ಲ ಎಂದ ಕಡೆ ಅನುಮಾನದಿಂದ ನೋಡುತ್ತಿದ್ದರು. ಆಮೇಲೆ "ಹೌದ್ರಿ" ಎಂದು ಹೇಳಿ ಕೆಲಸ ಮುಗಿಸಿಕೊಂಡು ಬರಲು ಕಲಿತಳು.

ಲಚ್ಯಾಣ ಉಳಿಯಿತು. ಅದರ ಜೊತೆ ಇನ್ನೊಂದು ಹತ್ತು ಹನ್ನೆರಡು. ಭಾಗ್ಯಜ್ಯೋತಿ ಟೀಚರು ಮೊದಲ ಅಂಕಪಟ್ಟಿ ತೆಗೆದು ಒಂದಕ್ಷರವೂ ಬೀಳದ ಹಾಳೆಯನ್ನು ಇವಳ ಕೈಗೆ ಕೊಟ್ಟಾಗ, ಎರಡು ವರ್ಷದ ಹಿಂದೆಯೇ ಹೀಗೆ ಬರಬಹುದಿತ್ತಲ್ಲ ಎಂಬುದೊಂದೇ ಅವಳ ಮನಸ್ಸಿಗೆ ಬಂತು. ಸಂತೋಷ ಬರಲಿಲ್ಲ.

2008ರ ಯುಗಾದಿ ಕಳೆದ ಮೇಲೆ ಮೂವರೂ ಇಂಡಿಯಲ್ಲಿ ಸೇರಿದರು. ಉಳಿದ ಶಾಲೆಗಳನ್ನಾದರೂ ಕಾಪಾಡಿಕೊಳ್ಳುವುದು ಹೇಗೆ ಎಂದು ಮಾತಾಡಬೇಕಿತ್ತು. ವಿಜಯಶ್ರೀ ಒಂದು ನಿರ್ಧಾರ ಮಾಡಿಕೊಂಡು ಕೂತಿದ್ದಳು. ಚಹಾ ಮುಗಿದ ಕೂಡಲೇ ಹೇಳಿದಳು: "ಹೊಸ ಮುದ್ರಿ ಪಾಸ್‌ವರ್ಡ್ ನಾ ಒಬ್ಬಾಕಿ ಇಟಗೊಳ್ಳೂದಿಲ್ಲ. ಮೂರೂ ಮಂದಿ ತಲ್ಯಾಗ ಇರಬೇಕು. ಕೇಳಿಸ್ಕೊಳ್ರಿ."

ಪರಮಾನಂದ ಕಿವಿಯ ಹತ್ತಿರ ಕೈ ತಂದ. "ಛೇ ಛೇ. ಬ್ಯಾಡ್ರಿ ಅಕ್ಕಾರ. ಅದು ನಿಮ್ಮ ಕೈಯಾಗೇ ಇರಲಿ. ಈಗ ನಮಗ ನೀವ ಹಿರೇರು. ನಾವು ತಗೊಂಡ್ರ ನಿಮ್ಮನ್ನ ಇಳಿಸಿದಂಗ ಆಕ್ಕೈತಿ."

"ಗೈಬುಸಾಬ, ನೀವಾರೆ ಕೇಳ್ರಿ."

"ನಿಮ್ಮ ತಾವ ಇದ್ರ ನಮ್ಮೆಲ್ಲರ ತಾವ ಇದ್ದಂಗ್ರಿ" ಎಂದು ಗೈಬುಸಾಬ ನೆಲ ನೋಡಿದ. "ಸಾಲಿ ಮಂದಿನೂ ಈಗ ಇದನ್ನ ವಿಜಯಶ್ರೀ ಅಕ್ಕಾರ ಜೋಳಿಗಿ ಅನ್ನಾಕತ್ತಾರ. ಚಂದ ಕೇಳಸ್ತೈತಿ."

ವಿಜಯಶ್ರೀಗೆ ಆ ಮಾತು ಕೇಳಿ ಹಿತವಾಯಿತು. ಎದೆಯಲ್ಲಿ ಬೆಲ್ಲ ಕರಗಿದ ಹಾಗೆ ಹಿತವಾಯಿತು. ಏಳು ವರ್ಷದಲ್ಲಿ ಯಾರೂ ಅವಳ ಹೆಸರು ಹಚ್ಚಿ ಜೋಳಿಗೆ ಎಂದಿರಲಿಲ್ಲ. ಒಂದು ಗಳಿಗೆ, ಇರಲಿ ಬಿಡು, ನನ್ನ ಹತ್ತಿರವೇ ಇರಲಿ ಎನ್ನಿಸಿತು. ಆ ಗಳಿಗೆಯಲ್ಲೇ ತೋಟದ ನೆರಳಲ್ಲಿ ಪೈಪಿನ ತುಂಡು ತಿರುಗಿಸುತ್ತಾ ಕೂತಿದ್ದ ಸಂಜೀವಕುಮಾರ ಅವಳ ಕಣ್ಣ ಮುಂದೆ ಬಂದ. ಅವನಿಗೂ ಮೊದಲು ಹೀಗೇ ಹಿತವಾಗಿರಬೇಕು ಎಂದುಕೊಂಡಳು. ಅವಳಿಗೆ ಹೆದರಿಕೆಯಾಯಿತು.

ಧಡಕ್ಕನೆ ಎದ್ದಳು. ಗೋಡೆಯ ಕಪ್ಪು ಹಲಗೆಯ ಮೇಲೆ ಯಾವ ಬೆರಳಿಗೆ ಯಾವ ಕೀಲಿ ಎಂದು ಬರೆದದ್ದನ್ನೆಲ್ಲ ಸೆರಗಿನಿಂದ ಅಳಿಸಿ, ಸುಣ್ಣದ ಕಡ್ಡಿ ಹಿಡಿದು, ಹಲಗೆಯ ಈ ತುದಿಯಿಂದ ಆ ತುದಿಯ ತನಕ ದೊಡ್ಡ ದೊಡ್ಡ ಅಕ್ಷರಗಳಲ್ಲಿ ಪಾಸ್‌ವರ್ಡ್ ಬರೆದಳು.

"ನೋಡ್ರಿ" ಎಂದಳು. "ನಾ ಮರೀಬಹುದು. ನಾಳೆ ನನಗೂ ಬ್ಯಾಸರ ಬರಬಹುದು, ನಾ ಸಾಯಬಹುದು. ಓದ್ರಿ ಇದನ್ನ."

ಗೈಬುಸಾಬ ಕಿಟಕಿಯ ಹೊರಗೆ ಬಸ್ಸು ನೋಡತೊಡಗಿದ. ಪರಮಾನಂದ ಕಣ್ಣು ಕೆಳಗಿಟ್ಟುಕೊಂಡೇ ಎದ್ದು ಹಲಗೆಯ ತನಕ ನಡೆದ. "ಹಿಂಗ ಎಲ್ಲರ ಕಣ್ಣಿಗೆ ಬೀಳೂವಂಗ ಇಡಬಾರದ್ರಿ ಅಕ್ಕಾರ" ಎಂದು ಮೆಲ್ಲಗೆ, ಬಹಳ ಮರ್ಯಾದೆಯಿಂದ ಹೇಳಿ, ಡಸ್ಟರು ತೆಗೆದುಕೊಂಡು ಒಂದಕ್ಷರವೂ ಓದದೆ ಎಲ್ಲವನ್ನೂ ಒರೆಸಿದ.